ನಿಯಮಗಿರಿ: ಹನ್ನೆರಡು ಹಳ್ಳಿಗಳು ‘ಬೇಡ’ ಎಂದ ಬೆಟ್ಟದ ಕತೆ

ಒಡಿಶಾದ ರಾಯಗಡ ಮತ್ತು ಕಾಲಾಹಾಂಡಿ ಜಿಲ್ಲೆಗಳ ಗಡಿಯಲ್ಲಿ ಹಬ್ಬಿಕೊಂಡಿರುವ ಬೆಟ್ಟಸಾಲಿಗೆ ನಿಯಮಗಿರಿ ಎಂದು ಹೆಸರು. 2013ರ ಜುಲೈ 18ರಿಂದ ಆಗಸ್ಟ್ 19ರವರೆಗೆ, ಜಡಿಮಳೆಯ ಆ ಒಂದು ತಿಂಗಳಲ್ಲಿ, ಈ ಬೆಟ್ಟದ 12 ಹಳ್ಳಿಗಳಲ್ಲಿ ಒಂದರ ಹಿಂದೊಂದರಂತೆ ಗ್ರಾಮಸಭೆಗಳು ನಡೆದವು. ಸುಪ್ರೀಂ ಕೋರ್ಟಿನ ಆದೇಶದಂತೆ ಜಿಲ್ಲಾ ನ್ಯಾಯಾಧೀಶರೇ ಬಂದು ವೀಕ್ಷಕರಾಗಿ ಕುಳಿತರು. ಇಲ್ಲಿ ಬಾಕ್ಸೈಟ್ ಗಣಿ ಆದರೆ ನಿಮ್ಮ ಹಕ್ಕಿಗೆ, ನಿಮ್ಮ ದೇವರಿಗೆ ಧಕ್ಕೆ ಆಗುತ್ತದೆಯೇ ಎಂದು ಜನರನ್ನು ಕೇಳಲಾಯಿತು. 12 ಹಳ್ಳಿಗಳೂ ಗಣಿ ಬೇಡ ಎಂದವು.

ಭಾರತದಲ್ಲಿ ಒಂದು ದೊಡ್ಡ ಗಣಿ ಯೋಜನೆಯ ಹಣೆಬರಹವನ್ನು ಹಳ್ಳಿಯ ಜನ ಸಭೆ ಸೇರಿ ತೀರ್ಮಾನಿಸಿದ ಅಪರೂಪದ ಪ್ರಸಂಗವಿದು. ಆದಿವಾಸಿಗಳ ಭೂಮಿಹಕ್ಕಿನ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಕರಣದ ಹೆಸರು ಬರುತ್ತದೆ. ಆದರೆ ಅದು ಹೇಗೆ ಸಾಧ್ಯವಾಯಿತು, ಅಲ್ಲಿಗೆ ತಲುಪಲು ಎಷ್ಟು ವರ್ಷ ಹಿಡಿಯಿತು, ಆಮೇಲೆ ಏನಾಯಿತು ಎಂಬುದು ಗೊತ್ತಿರುವವರು ಕಡಿಮೆ.

ಬೆಟ್ಟದ ಜನ

ನಿಯಮಗಿರಿಯ ಮೇಲ್ಭಾಗದಲ್ಲಿ ವಾಸಿಸುವವರು ಡೊಂಗ್ರಿಯಾ ಕೊಂಧರು. ಕೊಂಧ್ ಎಂಬ ದೊಡ್ಡ ಬುಡಕಟ್ಟಿನ ಒಂದು ಶಾಖೆ. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ‘ಡೊಂಗರ್’ ಎಂದರೆ ಬೆಟ್ಟ. ಕೊಂಕಣಿ ಬಲ್ಲವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇವರ ಮಾತು ಕುವಿ. ಅದು ಕನ್ನಡ, ತುಳು, ಮಲಯಾಳಂ ಸೇರಿದ ದ್ರಾವಿಡ ಕುಟುಂಬದ್ದೇ ಭಾಷೆ. ಸರಕಾರದ ಪಟ್ಟಿಯಲ್ಲಿ ಇವರು ‘ವಿಶೇಷ ದುರ್ಬಲ ಬುಡಕಟ್ಟು’. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕೊರಗರು ಮತ್ತು ಮೈಸೂರು–ಕೊಡಗಿನ ಜೇನುಕುರುಬರು ಇರುವ ಪಟ್ಟಿಯೂ ಅದೇ.

ಬೆಟ್ಟದ ಒಡೆಯ ನಿಯಮರಾಜ. ಅವನಿಗೆ ಗೋಡೆ ಕಟ್ಟಿದ ಗುಡಿಯಿಲ್ಲ, ಬೆಟ್ಟವೇ ಅವನ ಠಾವು. ಕಾಡು, ಝರಿ, ಬೆಳೆ ಎಲ್ಲವೂ ಅವನ ಕೊಡುಗೆ, ಜನ ಅದನ್ನು ಅನುಭವಿಸುವವರು ಮಾತ್ರ ಎಂಬುದು ನಂಬಿಕೆ. ನೆತ್ತಿಯ ಕಾಡಿಗೆ ಕೊಡಲಿ ಹಾಕಬಾರದು ಎಂಬ ಕಟ್ಟುಪಾಡು ಇದರಿಂದಲೇ ಬಂದದ್ದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಒಮ್ಮೆ ಆ ಬೆಟ್ಟದ ನೀರಿನ ಲೆಕ್ಕ ನೋಡಬೇಕು. ವಂಶಧಾರಾ ನದಿ ಹುಟ್ಟುವುದು ಇಲ್ಲಿ. ನಾಗಾವಳಿಗೆ ಸೇರುವ ಹಳ್ಳಗಳು ಇಳಿಯುವುದೂ ಇಲ್ಲಿಂದಲೇ. ನೆತ್ತಿಯ ಕಾಡು ಉಳಿದರೆ ಬೇಸಿಗೆಯಲ್ಲೂ ಒರತೆ ಬತ್ತುವುದಿಲ್ಲ.

ಇಳಿಜಾರಿನಲ್ಲಿ ರಾಗಿ, ಸಾಮೆಯಂತಹ ಕಿರುಧಾನ್ಯ, ತೊಗರಿ ಬೆಳೆಯುತ್ತಾರೆ. ಕರಾವಳಿಯಲ್ಲಿ ಹಿಂದೆ ಕುಮೇರಿ ಎನ್ನುತ್ತಿದ್ದರಲ್ಲ, ಅದೇ ಪದ್ಧತಿ. ಅಲ್ಲಿ ಅದಕ್ಕೆ ಪೋಡು ಎನ್ನುತ್ತಾರೆ. ಅನಾನಸು, ಅರಿಶಿನ, ಶುಂಠಿ, ಬಾಳೆ, ಹಲಸು, ಕಿತ್ತಳೆ ಸಂತೆಗೆ ಹೋಗುತ್ತವೆ. ಹೆಂಗಸರು ಕಸೂತಿ ಹಾಕುವ ಕಪಡಾಗಂಡಾ ಎಂಬ ಶಾಲಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ. ಬೆಟ್ಟದಲ್ಲಿ ಮತ್ತು ತಪ್ಪಲಿನಲ್ಲಿ ಕುಟಿಯಾ ಕೊಂಧರು, ದಲಿತರು, ದನ ಸಾಕುವ ಗೌಡರೂ ಇದ್ದಾರೆ. ಹೋರಾಟ ಡೊಂಗ್ರಿಯಾಗಳ ಹೆಸರಿನಲ್ಲಿ ಪ್ರಸಿದ್ಧವಾದರೂ ಇವರೆಲ್ಲ ಅದರೊಳಗೆ ಇದ್ದರು ಎಂಬುದನ್ನು ಮರೆಯಬಾರದು.

ನೆತ್ತಿಯ ಮೇಲಿನ ಅದಿರು

ಪೂರ್ವಘಟ್ಟದ ಈ ಭಾಗದ ಬಂಡೆಗೆ ಭೂವಿಜ್ಞಾನಿಗಳು ‘ಖೊಂಡಲೈಟ್’ ಎಂದು ಹೆಸರಿಟ್ಟಿದ್ದಾರೆ. ಕೊಂಧ್ ಜನರ ಹೆಸರನ್ನೇ ಕಲ್ಲಿಗೆ ಕೊಟ್ಟದ್ದು. ಲಕ್ಷಾಂತರ ವರ್ಷಗಳ ಮಳೆ–ಬಿಸಿಲಿಗೆ ಈ ಬಂಡೆ ಸವೆದು ಬೆಟ್ಟಗಳ ನೆತ್ತಿಯಲ್ಲಿ ಬಾಕ್ಸೈಟಿನ ಹಾಸು ಉಳಿದುಕೊಂಡಿದೆ. ಅಂದರೆ ಕೊಡಲಿ ತಾಗಬಾರದು ಎಂದು ಜನ ಬಿಟ್ಟ ಜಾಗವೇ ಕಂಪೆನಿಗಳಿಗೆ ಬೇಕಾದ ಜಾಗ. ಬಾಕ್ಸೈಟ್ ಹಾಸು ರಂಧ್ರಮಯ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ನಿಧಾನಕ್ಕೆ ಬಿಟ್ಟುಕೊಡುತ್ತದೆ. ಅದನ್ನು ಕೆತ್ತಿ ತೆಗೆದರೆ ಬೆಟ್ಟಕ್ಕೆ ಮೊದಲು ಆಗುವ ನಷ್ಟ ನೀರಿನದು.

ಒಂದು ಟನ್ ಅಲ್ಯೂಮಿನಿಯಂ ಬೇಕಾದರೆ ಸುಮಾರು ಎರಡು ಟನ್ ಅಲ್ಯೂಮಿನಾ ಬೇಕು. ಅದಕ್ಕೆ ನಾಲ್ಕೈದು ಟನ್ ಬಾಕ್ಸೈಟ್. ಉಳಿಯುವುದು ಕೆಂಪು ರಾಡಿ. ಕ್ಷಾರ ತುಂಬಿದ ಈ ರಾಡಿಯನ್ನು ದೊಡ್ಡ ಹೊಂಡಗಳಲ್ಲಿ ಕೂಡಿಡಬೇಕಾಗುತ್ತದೆ. ಅಡುಗೆಮನೆಯ ಪಾತ್ರೆಯಿಂದ ವಿಮಾನದ ರೆಕ್ಕೆಯವರೆಗೆ ಎಲ್ಲದಕ್ಕೂ ಅಲ್ಯೂಮಿನಿಯಂ ಬೇಕು, ನಿಜ. ಆದರೆ ಆ ರಾಡಿಯ ಪಕ್ಕ ಬದುಕುವವರು ಯಾರು ಎಂದು ಕೇಳುವವರು ಕಡಿಮೆ.

ನಿಯಮಗಿರಿಯಲ್ಲಿ ಕಣ್ಣಿಟ್ಟಿದ್ದ ನಿಕ್ಷೇಪ ಸುಮಾರು 7.2 ಕೋಟಿ ಟನ್. ಬೇಕಾದ ಅರಣ್ಯಭೂಮಿ 660 ಹೆಕ್ಟೇರಿಗೂ ಹೆಚ್ಚು.

ಮೊದಲು ಕಾರ್ಖಾನೆ, ಆಮೇಲೆ ಗಣಿ

ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. ಲಂಡನ್ನಿನಲ್ಲಿ ನೋಂದಣಿಯಾಗಿದ್ದ ವೇದಾಂತ ಸಮೂಹ ಬೆಟ್ಟದ ಬುಡದ ಲಾಂಜಿಗಢದಲ್ಲಿ ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ ಅಲ್ಯೂಮಿನಾ ಸಂಸ್ಕರಣಾ ಘಟಕ ಕಟ್ಟಲು ಹೊರಟಿತು. ಕಾರ್ಖಾನೆಗೆ ಒಂದು ಅರ್ಜಿ, ಗಣಿಗೆ ಇನ್ನೊಂದು ಅರ್ಜಿ. ಕಾರ್ಖಾನೆಗೆ 2004ರ ಸೆಪ್ಟಂಬರ್ 22ರಂದು ಪರಿಸರ ಅನುಮತಿ ಸಿಕ್ಕಿತು. ಗಣಿಗೆ ಅರಣ್ಯ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಅದಿರು ಎಲ್ಲಿಂದ ಬರುತ್ತದೆ ಎಂಬುದು ಇತ್ಯರ್ಥವಾಗುವ ಮೊದಲೇ ಅದಿರು ಅರೆಯುವ ಕಾರ್ಖಾನೆ ಎದ್ದು ನಿಂತಿತು.

ಇದರ ಲಾಭವೇನು? ಸಾವಿರಾರು ಕೋಟಿ ಸುರಿದಾದ ಮೇಲೆ, ‘ಇಷ್ಟೆಲ್ಲ ಹಣ ಹಾಕಿದ್ದೇವೆ, ಇನ್ನು ಗಣಿ ಇಲ್ಲ ಎಂದರೆ ಹೇಗೆ?’ ಎಂದು ಕೇಳಬಹುದು. ಅನುಮತಿ ಕೊಡುವವರ ಮೇಲೆ ಒತ್ತಡ ಹಾಕುವ ಈ ಉಪಾಯ ಹೊಸತೇನಲ್ಲ, ನಿಯಮಗಿರಿಗೆ ಮಾತ್ರ ಸೀಮಿತವೂ ಅಲ್ಲ. ಕಾರ್ಖಾನೆಗಾಗಿ ತಪ್ಪಲಿನ ಕಿನಾರಿಯಂತಹ ಹಳ್ಳಿಗಳು ಖಾಲಿಯಾದವು. ಅಲ್ಲಿನ ಜನರನ್ನು ಸಾಲುಮನೆಗಳ ಕಾಲೊನಿಗೆ ಸಾಗಿಸಲಾಯಿತು. ಗದ್ದೆ ಇದ್ದವರು ದಿನಗೂಲಿಗಳಾದರು.

ಗಣಿಯ ಗುತ್ತಿಗೆ ನೇರವಾಗಿ ವೇದಾಂತದ ಹೆಸರಿನಲ್ಲಿರಲಿಲ್ಲ, ರಾಜ್ಯ ಸರಕಾರದ ಒಡಿಶಾ ಮೈನಿಂಗ್ ಕಾರ್ಪೊರೇಷನ್ ಮುಂದೆ ನಿಂತಿತ್ತು. ಇದಕ್ಕೂ ಹಿನ್ನೆಲೆ ಇದೆ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಸರಕಾರಿ ಭೂಮಿಯನ್ನೂ ಖಾಸಗಿ ಕಂಪೆನಿಗೆ ಗಣಿ ಗುತ್ತಿಗೆಗೆ ಕೊಡುವಂತಿಲ್ಲ ಎಂದು ಆಂಧ್ರದ ಸಮತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತ್ತು. ನಿಗಮ ಗಣಿ ಅಗೆಯುವುದು, ಅದಿರು ಕಂಪೆನಿಗೆ ಹೋಗುವುದು ಎಂಬ ವ್ಯವಸ್ಥೆಯಾದರೆ ಕಾಗದದಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ.

ಕೋರ್ಟಿನ ಮೊದಲ ಸುತ್ತು

ಸಾಮಾಜಿಕ ಕಾರ್ಯಕರ್ತ ಪ್ರಫುಲ್ಲ ಸಾಮಂತರಾ (2017ರಲ್ಲಿ ಇವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು) ಮತ್ತು ಇತರರು ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಮೊರೆ ಹೋದರು. 2005ರ ಸೆಪ್ಟಂಬರ್‌ನಲ್ಲಿ ಸಮಿತಿ ವರದಿ ಕೊಟ್ಟಿತು: ಈ ಬೆಟ್ಟದಲ್ಲಿ ಗಣಿ ಬೇಡ.

ಆದರೆ ಕೋರ್ಟ್ ಬೇರೆ ದಾರಿ ಹಿಡಿಯಿತು. 2007ರ ನವೆಂಬರ್ 23ರ ಆದೇಶದಲ್ಲಿ ವೇದಾಂತಕ್ಕೆ ಅನುಮತಿ ನಿರಾಕರಿಸಿತು. ಅದೇ ವರ್ಷ ನಾರ್ವೆ ಸರಕಾರದ ಪಿಂಚಣಿ ನಿಧಿ ಪರಿಸರ ಮತ್ತು ಮಾನವಹಕ್ಕು ಕಾರಣಕ್ಕೆ ವೇದಾಂತದ ಷೇರುಗಳಿಂದ ಹೊರಬಂದಿದ್ದೂ ಕೋರ್ಟಿನ ಗಮನದಲ್ಲಿತ್ತು. ಆದರೆ ಅದೇ ಸಮೂಹದ ಭಾರತೀಯ ಕಂಪೆನಿ ಸ್ಟೆರ್ಲೈಟ್ ಷರತ್ತುಗಳನ್ನು ಒಪ್ಪಿಕೊಂಡು ಬಂದರೆ ನೋಡಬಹುದು ಎಂದಿತು. ಲಾಭದ ಶೇ. 5 ಅಥವಾ ವರ್ಷಕ್ಕೆ 10 ಕೋಟಿ ರೂ. – ಯಾವುದು ಹೆಚ್ಚೋ ಅದನ್ನು ಸ್ಥಳೀಯ ಅಭಿವೃದ್ಧಿಗೆ ಕೊಡಬೇಕು ಎಂಬುದು ಆ ಷರತ್ತುಗಳಲ್ಲೊಂದು. ಸ್ಟೆರ್ಲೈಟ್ ಒಪ್ಪಿತು. 2008ರ ಆಗಸ್ಟ್ 8ರಂದು ಹಸಿರು ನಿಶಾನೆ ಸಿಕ್ಕಿತು. ಮುಂಬಾಗಿಲಲ್ಲಿ ಬೇಡ ಎಂದವರನ್ನು ಹಿತ್ತಿಲ ಬಾಗಿಲಿನಿಂದ ಕರೆದಂತಾಯಿತು ಎಂದು ಹೋರಾಟಗಾರರು ಟೀಕಿಸಿದರು.

ಬೆಟ್ಟದ ಜನ ಕೈಕಟ್ಟಿ ಕೂರಲಿಲ್ಲ. ಲಾಡೋ ಸಿಕಾಕಾ ಮೊದಲಾದವರ ಮುಂದಾಳತ್ವದ ನಿಯಮಗಿರಿ ಸುರಕ್ಷಾ ಸಮಿತಿ ಹಳ್ಳಿ ಹಳ್ಳಿಯನ್ನು ಕಟ್ಟಿತು. 2009ರ ಜನವರಿಯಲ್ಲಿ ಸಾವಿರಾರು ಜನ ಕೈಹಿಡಿದು ಬೆಟ್ಟದ ಸುತ್ತ ಮಾನವ ಸರಪಳಿ ಮಾಡಿದರು. ಲಂಡನ್ನಿನಲ್ಲಿ ಕಂಪೆನಿಯ ವಾರ್ಷಿಕ ಸಭೆಯ ಹೊರಗೆ ಪ್ರತಿಭಟನೆಗಳಾದವು. ‘ಅವತಾರ್’ ಸಿನೆಮಾ ಬಂದಾಗ ಡೊಂಗ್ರಿಯಾಗಳನ್ನು ಅದಕ್ಕೆ ಹೋಲಿಸಿ ಜಗತ್ತಿನ ಪತ್ರಿಕೆಗಳು ಬರೆದವು. 2010ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಚರ್ಚ್ ತನ್ನ ಷೇರುಗಳನ್ನು ಮಾರಿತು. ಹೊರಗಿನ ಈ ಸದ್ದಿನಿಂದ ಹೋರಾಟಕ್ಕೆ ಬಲ ಬಂತು, ಅಲ್ಲಗಳೆಯುವಂತಿಲ್ಲ. ಆದರೆ ‘ವಿದೇಶಿ ಶಕ್ತಿಗಳ ಕೈವಾಡ’ ಎಂದು ಹೇಳುವವರಿಗೂ ಅದು ಒಂದು ನೆಪವಾಯಿತು.

ನಡುವೆ ಬಂದ ಕಾಯ್ದೆ

ಕೋರ್ಟಿನಲ್ಲಿ ವಾದ ನಡೆಯುತ್ತಿರುವಾಗಲೇ ದೇಶದ ಕಾನೂನು ಬದಲಾಗಿತ್ತು. 2006ರಲ್ಲಿ ಸಂಸತ್ತು ಒಪ್ಪಿದ ಅರಣ್ಯ ಹಕ್ಕು ಕಾಯ್ದೆ 2007ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಬ್ರಿಟಿಷರ ಕಾಲದಿಂದ ಕಾಡಿನ ಜನರನ್ನು ಕಾಡಿನ ಕಳ್ಳರಂತೆ ನಡೆಸಿಕೊಂಡ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುವುದು ತನ್ನ ಉದ್ದೇಶ ಎಂದು ಈ ಕಾಯ್ದೆಯ ಪೀಠಿಕೆಯೇ ಹೇಳುತ್ತದೆ. ಉಳುವವನಿಗೆ ಪಟ್ಟೆ ಕೊಡುವುದು ಅದರ ಒಂದು ಭಾಗ ಅಷ್ಟೇ. ಇಡೀ ಊರಿಗೆ ಸೇರಿದ ಸಾಮೂಹಿಕ ಹಕ್ಕು, ದುರ್ಬಲ ಬುಡಕಟ್ಟುಗಳಿಗೆ ತಮ್ಮ ವಾಸನೆಲೆಯ ಮೇಲಿನ ಹಕ್ಕು, ಅದನ್ನು ಪರಿಶೀಲಿಸುವ ಮೊದಲ ಅಧಿಕಾರ ಗ್ರಾಮಸಭೆಗೆ – ಇವು ಹೆಚ್ಚು ಮುಖ್ಯ. 2009ರ ಆಗಸ್ಟ್‌ನಲ್ಲಿ ಪರಿಸರ ಸಚಿವಾಲಯ ಸುತ್ತೋಲೆ ಹೊರಡಿಸಿ, ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಹಕ್ಕುಗಳ ಇತ್ಯರ್ಥ ಆಗಿರಬೇಕು, ಗ್ರಾಮಸಭೆಯ ಒಪ್ಪಿಗೆ ಇರಬೇಕು ಎಂದಿತು.

ಇದರ ಬೆನ್ನಿಗೆ ಎನ್.ಸಿ. ಸಕ್ಸೇನಾ ನೇತೃತ್ವದ ಸಮಿತಿ ಬೆಟ್ಟಕ್ಕೆ ಹೋಯಿತು. 2010ರ ಆಗಸ್ಟ್‌ನಲ್ಲಿ ಅದು ಕೊಟ್ಟ ವರದಿ ಕಂಪೆನಿಗೂ ರಾಜ್ಯಕ್ಕೂ ಮುಜುಗರ ತಂದಿತು. ಕಾರ್ಖಾನೆ ಆವರಣದೊಳಗೆ 26.123 ಹೆಕ್ಟೇರ್ ಗ್ರಾಮ ಅರಣ್ಯವನ್ನು ಕಾನೂನುಬಾಹಿರವಾಗಿ ಸೇರಿಸಿಕೊಳ್ಳಲಾಗಿದೆ. ಸಾಮರ್ಥ್ಯವನ್ನು 10 ಲಕ್ಷ ಟನ್ನಿನಿಂದ 60 ಲಕ್ಷ ಟನ್ನಿಗೆ ಏರಿಸುವ ಕೆಲಸ ಅನುಮತಿಯಿಲ್ಲದೆ ಶುರುವಾಗಿದೆ. ಬಾಕ್ಸೈಟ್ ಒದಗಿಸುತ್ತಿರುವ 14 ಗಣಿಗಳಲ್ಲಿ 11ಕ್ಕೆ ಸರಿಯಾದ ಪರಿಸರ ಅನುಮತಿಯೇ ಇಲ್ಲ ಎಂದಿತು ಸಮಿತಿ. ಕಂಪೆನಿ ಆರೋಪಗಳನ್ನು ಅಲ್ಲಗಳೆಯಿತು. ಆಗಸ್ಟ್ 24ರಂದು ಪರಿಸರ ಸಚಿವ ಜೈರಾಂ ರಮೇಶ್ ಅರಣ್ಯ ಅನುಮತಿ ನಿರಾಕರಿಸಿದರು. ಎರಡೇ ದಿನದಲ್ಲಿ ರಾಹುಲ್ ಗಾಂಧಿ ಲಾಂಜಿಗಢಕ್ಕೆ ಬಂದು ಭಾಷಣ ಮಾಡಿದರು. ರಾಜಕೀಯ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಒಡಿಶಾದಲ್ಲಿ ಆಗ ನವೀನ್ ಪಟ್ನಾಯಕರ ಸರಕಾರ, ದಿಲ್ಲಿಯಲ್ಲಿ ಕಾಂಗ್ರೆಸ್.

ದೇವರ ಜಾಗದ ಅಳತೆ

ರಾಜ್ಯದ ಗಣಿ ನಿಗಮ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. 2013ರ ಏಪ್ರಿಲ್ 18ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್ ಮತ್ತು ರಂಜನ್ ಗೊಗೊಯ್ ಅವರ ಪೀಠ ತೀರ್ಪು ಕೊಟ್ಟಿತು. ಪೀಠ ಗಣಿಯನ್ನು ತಾನೇ ರದ್ದು ಮಾಡಲಿಲ್ಲ. ಬದಲಿಗೆ, ಕೇಳಬೇಕಾದವರನ್ನು ಕೇಳಿ ಬನ್ನಿ ಎಂದು ಪ್ರಶ್ನೆಯನ್ನು ಗ್ರಾಮಸಭೆಗೆ ಕಳುಹಿಸಿತು. ಮೂರು ತಿಂಗಳೊಳಗೆ ಗ್ರಾಮಸಭೆ ತೀರ್ಮಾನಿಸಬೇಕು, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ವೀಕ್ಷಕರಾಗಿರಬೇಕು ಎಂಬುದು ಆದೇಶ.

ತೀರ್ಪು ಸಂವಿಧಾನದ 25 ಮತ್ತು 26ನೇ ವಿಧಿಗಳನ್ನು ಎತ್ತಿ ಹಿಡಿಯಿತು. ಅಲ್ಪಸಂಖ್ಯಾತರ ಧಾರ್ಮಿಕ ಸಂಸ್ಥೆಗಳ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ವಿಧಿಗಳೇ ಇವು. ಧರ್ಮವೆಂದರೆ ಬರೀ ನಂಬಿಕೆ ಅಲ್ಲ, ಆಚರಣೆಯೂ ಹೌದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 1954ರಲ್ಲಿ, ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಗ್ರಂಥವಾಗಲಿ ಗೋಡೆ ಕಟ್ಟಿದ ಗುಡಿಯಾಗಲಿ ಇಲ್ಲದ ಆದಿವಾಸಿಗಳ ಆರಾಧನೆಗೂ ಸಂವಿಧಾನದ ಅದೇ ರಕ್ಷಣೆ ಸಿಗುತ್ತದೆ ಎಂಬುದು ನಿಯಮಗಿರಿ ತೀರ್ಪಿನ ಹೆಚ್ಚುಗಾರಿಕೆ. ಗಣಿಯಿಂದ ನಿಯಮರಾಜನ ಆರಾಧನೆಯ ಹಕ್ಕಿಗೆ ಯಾವ ರೀತಿಯಲ್ಲಾದರೂ ಧಕ್ಕೆ ಬಂದರೆ ಆ ಹಕ್ಕನ್ನು ಕಾಪಾಡಲೇಬೇಕು ಎಂದಿತು ಪೀಠ.

ರಾಜ್ಯ ಸರಕಾರದ ವಾದ ಬೇರೆಯಿತ್ತು. ನಿಯಮರಾಜನನ್ನು ಪೂಜಿಸುವ ಹುಂಡಲಜಾಲಿ ಎಂಬ ಜಾಗ ಗಣಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ, ಹಾಗಾಗಿ ದೇವರಿಗೆ ತೊಂದರೆಯಿಲ್ಲ ಎಂಬುದು. ದೇವರಿಗೆ ಎಷ್ಟು ಜಾಗ ಸಾಕು ಎಂದು ಸರಕಾರಿ ಟೇಪು ಹಿಡಿದು ಅಳೆದಂತಿತ್ತು ಇದು.

ಮಳೆಯಲ್ಲಿ ನಡೆದ ಸಭೆಗಳು

ಯಾವ ಹಳ್ಳಿಗಳನ್ನು ಕೇಳಬೇಕು ಎಂಬಲ್ಲೇ ಮೊದಲ ಜಗಳ. ರಾಜ್ಯ ಆರಿಸಿದ್ದು 12 ಹಳ್ಳಿಗಳನ್ನು: ರಾಯಗಡದ ಏಳು, ಕಾಲಾಹಾಂಡಿಯ ಐದು. ಬೆಟ್ಟವನ್ನು ನಂಬಿದ ಹಳ್ಳಿಗಳು ನೂರಕ್ಕೂ ಹೆಚ್ಚಿವೆ, ಎಲ್ಲರನ್ನೂ ಕೇಳಿ ಎಂದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಹೇಳಿತು. ರಾಜ್ಯ ಒಪ್ಪಲಿಲ್ಲ. ಸುರಕ್ಷಾ ಸಮಿತಿಗೂ ಅಸಮಾಧಾನವಿತ್ತು. ಹನ್ನೆರಡನ್ನು ಆರಿಸಿದ್ದೇ ಒಲಿಸಿಕೊಳ್ಳಲು ಸುಲಭ ಎಂಬ ಲೆಕ್ಕಾಚಾರದಿಂದ ಎಂಬ ಅನುಮಾನವೂ ಇತ್ತು. ಕೊನೆಗೆ ಸಭೆಯಲ್ಲಿ ಭಾಗವಹಿಸುವುದೆಂದೇ ತೀರ್ಮಾನವಾಯಿತು.

ಜುಲೈ 18ರಂದು ಸೆರ್ಕಪಾಡಿಯಲ್ಲಿ ಮೊದಲ ಸಭೆ. ಆಮೇಲೆ ಕೆಸರಪಾಡಿ, ತಾಡಿಝೋಲಾ, ಪಾಲ್ಬೆರಿ, ಫುಲ್ದುಮೇರ್, ಲಖಪದರ್, ಖಂಬೇಸಿ… ಭದ್ರತಾ ಪಡೆಗಳ ಕಾವಲಿನ ನಡುವೆ, ಹೆಗಲಿಗೆ ಕೊಡಲಿ ಸಿಕ್ಕಿಸಿಕೊಂಡ ಗಂಡಸರು, ಮಗುವನ್ನು ಕಟ್ಟಿಕೊಂಡ ಹೆಂಗಸರು ಎದ್ದು ನಿಂತು ಮಾತಾಡಿದರು. ನ್ಯಾಯಾಧೀಶರು ಕೇಳಿಸಿಕೊಂಡರು. ನಿಯಮರಾಜ ಒಂದು ಕಲ್ಲಿನಲ್ಲೋ ಒಂದು ಎಕರೆಯಲ್ಲೋ ಇಲ್ಲ, ಇಡೀ ಬೆಟ್ಟವೇ ಅವನದು ಎಂಬ ಮಾತು ಸಭೆಯಿಂದ ಸಭೆಗೆ ಬಂತು. ಹುಂಡಲಜಾಲಿಯ 10 ಕಿ.ಮೀ. ಲೆಕ್ಕಕ್ಕೆ ಅದು ಉತ್ತರವಾಗಿತ್ತು.

ಈ 12ರಲ್ಲಿ ಇಜುರುಪಾ ಎಂಬ ಊರಿನದು ವಿಶೇಷ. ಅಲ್ಲಿ ಇದ್ದದ್ದು ಒಂದೇ ಕುಟುಂಬ, ಅದೂ ಡೊಂಗ್ರಿಯಾ ಅಲ್ಲ. ಒಂದು ಮನೆಯವರ ಮೇಲೆ ಎಷ್ಟು ಒತ್ತಡ ಬಿದ್ದಿರಬಹುದು ಎಂದು ಊಹಿಸಬಹುದು. ಅವರೂ ಬೇಡ ಎಂದರು. ಆಗಸ್ಟ್ 19ರಂದು ಜರಪಾದಲ್ಲಿ ಕೊನೆಯ ಸಭೆ. ಅಲ್ಲಿಗೆ ಹನ್ನೆರಡೂ ಆಯಿತು.

ಗ್ರಾಮಸಭೆಗಳ ನಿರ್ಣಯದ ಮೇಲೆ ಅಂತಿಮ ಮುದ್ರೆ ಒತ್ತಿದ್ದು ಕೇಂದ್ರ ಪರಿಸರ ಸಚಿವಾಲಯ, 2014ರ ಜನವರಿಯಲ್ಲಿ. ಆಗ ಆ ಖಾತೆ ಇದ್ದದ್ದು ಕರಾವಳಿಯವರೇ ಆದ ಎಂ. ವೀರಪ್ಪ ಮೊಯ್ಲಿಯವರ ಕೈಯಲ್ಲಿ. ಉದ್ಯಮಗಳಿಗೆ ಬೇಗ ಬೇಗ ಅನುಮತಿ ಕೊಡುತ್ತಾರೆ ಎಂದು ಪರಿಸರವಾದಿಗಳಿಂದ ಟೀಕೆಗೊಳಗಾಗಿದ್ದ ಮೊಯ್ಲಿಯವರ ಕಾಲದಲ್ಲೇ ನಿಯಮಗಿರಿಯ ಗಣಿಗೆ ಅರಣ್ಯ ಅನುಮತಿ ನಿರಾಕರಣೆಯಾಯಿತು. ಗ್ರಾಮಸಭೆ ಒಮ್ಮೆ ಹೇಳಿದ್ದನ್ನು ಬದಲಿಸಲು ಯಾರಿಗೂ ದಾರಿ ಇರಲಿಲ್ಲ. 2016ರಲ್ಲಿ ಗ್ರಾಮಸಭೆಗಳನ್ನು ಮತ್ತೊಮ್ಮೆ ನಡೆಸಬೇಕೆಂದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ ತಿಂಗಳಲ್ಲಿ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.

ಕುದುರೆಮುಖವನ್ನು ಬಲ್ಲ ಕರಾವಳಿಯ ಓದುಗರಿಗೆ ವ್ಯತ್ಯಾಸ ಕಾಣಿಸಬಹುದು. ಅಲ್ಲಿಂದ ಪಣಂಬೂರಿಗೆ ಕೊಳವೆಯಲ್ಲಿ ಅದಿರು ಹರಿಯುತ್ತಿದ್ದದ್ದು ನಿಂತದ್ದೂ ಸುಪ್ರೀಂ ಕೋರ್ಟಿನ ಆದೇಶದಿಂದಲೇ. 2005ರ ಕೊನೆಗೆ ಗಣಿ ಮುಚ್ಚಿತು. ಆದರೆ ಅಲ್ಲಿ ವಾದದ ಕೇಂದ್ರದಲ್ಲಿದ್ದದ್ದು ಕಾಡು, ನದಿ, ರಾಷ್ಟ್ರೀಯ ಉದ್ಯಾನ. ಕಾಡಿನ ಅಂಚಿನ ಜನರನ್ನು ಸಭೆ ಕರೆದು ಕೇಳಿದವರಿಲ್ಲ. ಅರಣ್ಯ ಹಕ್ಕು ಕಾಯ್ದೆ ಆಗ ಇರಲೂ ಇಲ್ಲ.

ಮುಗಿಯದ ಲೆಕ್ಕ

ನಿಯಮಗಿರಿ ಉಳಿಯಿತು. ಲಾಂಜಿಗಢದ ಕಾರ್ಖಾನೆಯೂ ಉಳಿಯಿತು. ಬಾಕ್ಸೈಟ್ ಸಿಗದೆ 2012ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದ್ದ ಅದು 2013ರ ಜುಲೈಯಲ್ಲಿ ಮತ್ತೆ ತೆರೆಯಿತು. ಹೊರಗಿನ ಅದಿರಿನಲ್ಲಿ ನಡೆಯುತ್ತಾ, ಮುಂದೆ ವಿಸ್ತರಣೆಗೂ ಅನುಮತಿ ಪಡೆಯಿತು. ಬೆಟ್ಟದ ಬುಡದಲ್ಲಿ ಹಸಿದ ಕಾರ್ಖಾನೆ ಇರುವವರೆಗೆ ಬೆಟ್ಟದ ಮೇಲಿನವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಸುರಕ್ಷಾ ಸಮಿತಿಯ ಮೇಲೆ ನಕ್ಸಲ್ ಹಣೆಪಟ್ಟಿ ಹಚ್ಚುವ ಕೆಲಸವೂ ನಿಲ್ಲಲಿಲ್ಲ. ಕೇಂದ್ರ ಗೃಹ ಸಚಿವಾಲಯದ 2016–17ರ ವಾರ್ಷಿಕ ವರದಿಯೇ ಸಮಿತಿಯನ್ನು ಮಾವೋವಾದಿಗಳ ಜೊತೆ ಸೇರಿಸಿ ಬರೆಯಿತು. 2023ರ ಆಗಸ್ಟ್‌ನಲ್ಲಿ ಹೋರಾಟಗಾರರ ವಿರುದ್ಧ ಯುಎಪಿಎ ಅಡಿ ಪ್ರಕರಣ ದಾಖಲಿಸಿದ್ದು ದೇಶದೆಲ್ಲೆಡೆ ಟೀಕೆಗೆ ಗುರಿಯಾಯಿತು. ಆ ಕಾಯ್ದೆ ಯಾರ ಮೇಲೆ, ಹೇಗೆ ಬಳಕೆಯಾಗುತ್ತದೆ ಎಂಬುದು ಇಲ್ಲಿನ ಓದುಗರಿಗೆ ಹೊಸತಲ್ಲ.

ಕಾನೂನಿನ ನೆಲವೂ ಸರಿಯತೊಡಗಿದೆ. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಬಂದಂದಿನಿಂದ, ಹಕ್ಕುಗಳ ಇತ್ಯರ್ಥಕ್ಕೆ ಮೊದಲೇ ಕೇಂದ್ರ ತನ್ನ ಅನುಮತಿ ಕೊಟ್ಟುಬಿಡಬಹುದು. ಹಕ್ಕಿನ ವಿಷಯ ನೋಡಿಕೊಳ್ಳುವ ಹೊಣೆ ರಾಜ್ಯದ್ದು. ಗಣಿಯಿಂದ ರಾಜಧನ ಪಡೆಯುವ ರಾಜ್ಯವೇ ಗಣಿ ವಿರೋಧಿಸುವವರ ಹಕ್ಕಿಗೂ ಕಾವಲು ಎಂಬ ಈ ಏರ್ಪಾಡಿನಲ್ಲಿ ಹಳ್ಳಿಯ ‘ಬೇಡ’ಕ್ಕೆ ಎಷ್ಟು ತೂಕ ಉಳಿಯುತ್ತದೆ ಎಂಬುದು ಸಂಶಯ. ಎಲ್ಲ ಅನುಮತಿ ಮುಗಿದ ಮೇಲೆ ಒಪ್ಪಿಗೆ ಕೇಳಿದರೆ ಅದನ್ನು ಕೇಳಿದ್ದು ಎನ್ನಲಾಗದು.

ನಿಯಮಗಿರಿಯಿಂದ ಹೆಚ್ಚು ದೂರವಿಲ್ಲದ ಕಾಶೀಪುರದ ಕಡೆ ಈಗ ಹೊಸ ಅಧ್ಯಾಯ ನಡೆಯುತ್ತಿದೆ. ಕಾಶೀಪುರಕ್ಕೆ ಹಳೆಯ ಗಾಯವೂ ಇದೆ: 2000ದ ಡಿಸೆಂಬರ್ 16ರಂದು, ಇನ್ನೊಂದು ಬಾಕ್ಸೈಟ್ ಯೋಜನೆಯ ವಿರುದ್ಧದ ಹೋರಾಟದ ವೇಳೆ, ಮೈಕಂಚ್ ಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಮೂವರು ಆದಿವಾಸಿಗಳು ಬಲಿಯಾಗಿದ್ದರು. ಅದೇ ಸೀಮೆಯ ಸಿಜಿಮಾಲಿ ಬೆಟ್ಟದ ಬಾಕ್ಸೈಟ್, ಸುಮಾರು 31 ಕೋಟಿ ಟನ್, 2023ರ ಹರಾಜಿನಲ್ಲಿ ವೇದಾಂತದ ಪಾಲಾಯಿತು. 2023ರ ಡಿಸೆಂಬರ್ 8ರಂದು, ಒಂದೇ ದಿನ, ಹಲವು ಹಳ್ಳಿಗಳಲ್ಲಿ ಗ್ರಾಮಸಭೆ ನಡೆದು ಗಣಿಗೆ ಒಪ್ಪಿಗೆ ಸಿಕ್ಕಿದೆ ಎನ್ನುತ್ತವೆ ಸರಕಾರಿ ದಾಖಲೆಗಳು. ಅಂಥ ಸಭೆ ನಡೆದೇ ಇಲ್ಲ, ಸಹಿಗಳು ನಕಲಿ ಎನ್ನುತ್ತಾರೆ ಹಳ್ಳಿಯವರು. ಈ ಸಲ ವೀಕ್ಷಕರಾಗಿ ಕೂರಲು ಜಿಲ್ಲಾ ನ್ಯಾಯಾಧೀಶರನ್ನು ಕಳುಹಿಸಿದವರಿಲ್ಲ.